ಹನುಮಪ್ಪ ವಾಪಸ್ ಕಳಿಸಿದ ಕಾಯಿ

ಭಕ್ತ ಬಂಧುಗಳೇ, ನಾನು ಮಾನ್ವಿಯ ಈರಮ್ಮ, ಹನುಮಪ್ಪನ ಜೋಡಿ ಜಗಳಾಡಿದಾಕಿ. ಅದನ್ನ ಮುಚ್ಚಿಟ್ಟು ಬರೀ ಹೊಗಳಿಕಿ ಬರೆದ್ರ ಅವನಿಗೇ ನಗು ಬರ್ತದ.

೧೯೮೬ರ ಚಳಿಗಾಲ. ನಮ್ಮವ್ವ ತಿಪ್ಪವ್ವ ದೇವದುರ್ಗದಾಗ ಮೂವತ್ತು ವರ್ಷ ಮಂಡಾಳು, ಅಂದ್ರ ಮಂಡಕ್ಕಿ, ಹುರಿಯೋ ಭಟ್ಟಿ ಮುಂದ ಕುಂತಾಕಿ. ಭತ್ತದ ಹೊಟ್ಟಿನ ಹೊಗಿ ಕುಡಿದೂ ಕುಡಿದೂ ಆಕಿ ಎದಿ ಹಾಳಾಗಿತ್ತು. ದಮ್ಮು ಹತ್ತಿದ್ರ ತುಟಿ ನೀಲಿ ಆಗ್ತಿದ್ದವು. ನಮ್ಮನಿಗೆ ಕರಕೊಂಡು ಬಂದೆ. ಒಂದಿನ ಭಾಳ ಜೋರಾತು, ಬಸ್ಸಿನಾಗ ರಾಯಚೂರಿಗೆ ಒಯ್ದೆ. ದವಾಖಾನಿಯಾಗ ಚೀಟಿ ಬರಿಯಾಂವ ಮೊದಲು ಕೇಳಿದ್ದೇನು ಗೊತ್ತೇನ್ರಿ? “ಬೀಡಿ ಎಷ್ಟು ಸೇದ್ತಾಳ?” ನನಗ ಮೈಯೆಲ್ಲ ಉರಿದು ಹೋತು. “ನೀವು ತಿನ್ನೋ ಮಂಡಾಳು ಹುರಿದಾಳ್ರೀ, ಬೀಡಿ ಮುಟ್ಟಿಲ್ಲ!” ಅಂದೆ.

ಹತ್ತು ದಿನ ಆಕ್ಸಿಜನ್ ಕೊಟ್ರು, ಸುಧಾರಿಸಿದ್ಳು. ಮನಿಗೂ ಒಂದು ಸಿಲಿಂಡರ್ ಬರಕೊಡ್ರಿ ಅಂದ್ರ ಡಾಕ್ಟರು ಒಲ್ಲೆ ಅಂದ್ರು.

“ಈಗ ರೋಗ ಕೆರಳಿದ ಹೊತ್ತವ್ವ. ಗುಳಿಗಿ ತಗೊಂಡು ತಣ್ಣಗಾಗಲಿ. ತಿಂಗಳ ಬಿಟ್ಟು ಹೈದರಾಬಾದಿನಾಗ ಮಣಿಕಟ್ಟಿನ ರಕ್ತ ತೆಗಿಸಿ, ಅದರಾಗ ಆಕ್ಸಿಜನ್ ಎಷ್ಟದ ಅಂತ ನೋಡಿಸ್ಕೊಂಡು ಬರ್ರಿ. ಆವಾಗ್ಲೂ ಆಕ್ಸಿಜನ್ ಕಮ್ಮಿ ಇದ್ರ ಬರೀತೀನಿ.”

ಒಂದು ತಿಂಗಳು! ದಿನಾ ಶಾಪ ಹಾಕ್ಕೋತ ಕಳದೆ. ಹೈದರಾಬಾದಿಗೆ ಹೋಗಿ ಬಂದ್ವಿ, ಕಮ್ಮಿನೇ ಇತ್ತು. ಆಗ ಬರದ್ರು: ನಿಮಿಷಕ್ಕ ಒಂದು ಲೀಟರ್, ದಿನಕ್ಕ ಹದಿನೈದು ತಾಸು. ಒಲಿ, ದೀಪ, ಊದಿನಕಡ್ಡಿ ಹತ್ರ ತರಬಾರದು. “ಇದು ಗಾಳಿ ಅಲ್ಲವ್ವ, ಔಷಧ. ಹೇಳಿದಷ್ಟೇ ಕೊಡಬೇಕು” ಅಂದ್ರು. ಇಷ್ಟೆಲ್ಲ ಅಲೆದಾಡಿಸಿ ಒಂದೇ ಲೀಟರು! ಎಂಥಾ ಜಿಪುಣ ಮನಿಷಾ ಅಂತ ಬೈಕೊಂಡೆ.

ಅಕ್ಕಿ ಲಾರಿಯಾಗ ಸಿಲಿಂಡರ್ ಬಂತು. ನಾನು ಸೀದಾ ಗುಡಿಗೆ ಹೋಗಿ ಹನುಮಪ್ಪನ ಮುಂದ ನಿಂತೆ. “ಗಾಳಿದೇವರ ಮಗ ಅಂತಾರ ನಿನಗ. ಊರ ತುಂಬ ಗಾಳಿ ಬೀಸ್ತದ, ನಮ್ಮವ್ವಗ ಮಾತ್ರ ಅಳದು ಕೊಡ್ತಿ. ನಾಚಿಕಿ ಬರಂಗಿಲ್ಲೇನು?” ಅಂತ ಕೇಳೇಬಿಟ್ಟೆ.

ಅವತ್ತು ಸಂಜಿಗೆ ಅವ್ವ ಏದುಸಿರು ಬಿಡಾಕತ್ತಿದ್ಳು. ನನಗ ನೋಡಾಕ ಆಗಲಿಲ್ಲ. ಸಿಲಿಂಡರಿನ ತಿರುಗಣಿ ತಿರುವಿ ಒಂದು ಲೀಟರ್ ಇದ್ದದ್ದು ಐದು ಮಾಡಿದೆ. ತಾಸಿನಾಗ ಅವ್ವ ಮಕ್ಕೊಂಡ್ಳು. ತಿಂಗಳಾನುಗಟ್ಟಲೆ ಕುಂತೇ ರಾತ್ರಿ ಕಳೆದಾಕಿ, ಮರುದಿನ ಹೊತ್ತೇರಿದ್ರೂ ನಿದ್ದಿ! ಮಾರಿ ಕೆಂಪಗಾಗಿತ್ತು. ದೇವ್ರು ಕೇಳಿಸ್ಕೊಂಡ ಅಂತ ಕಾಯಿ ತಗೊಂಡು ಗುಡಿಗೆ ಓಡಿದೆ.

ಪೂಜಾರಿ ತಾತ ಕೇಳಿದ, “ಏನವ್ವ, ಇಷ್ಟು ಖುಷಿ?”

“ನಿನ್ನಿ ಸಂಜಿಂದ ಅವ್ವ ಮಕ್ಕೊಂಡಾಳ, ಇನ್ನೂ ಎದ್ದಿಲ್ಲ ತಾತ.”

“ಎಬ್ಬಿಸಿದ್ರ ಏಳ್ತಾಳೇನು?”

“ಎಬ್ಬಿಸಿಲ್ಲ. ಪಾಪ, ಮಕ್ಕೊಳ್ಳಲಿ ಅಂತ ಬಿಟ್ಟೀನಿ.”

ತಾತ ಕಾಯಿ ವಾಪಸ್ ನನ್ನ ಕೈಯಾಗ ತುರುಕಿದ. “ಹನುಮಪ್ಪಗ ಈ ಕಾಯಿ ಬ್ಯಾಡ! ಮೊದಲು ಹೋಗಿ ಎಬ್ಬಿಸು. ಓಡು!”

ದೇವರ ಕಾಯಿ ಬ್ಯಾಡ ಅನ್ನಾಕ ಇವ ಯಾರು ಅಂತ ದಾರಿ ತುಂಬ ಬೈಕೋತ ಬಂದೆ. ಸಿಟ್ಟಿಗೇ ಅವ್ವನ ಭುಜ ಹಿಡಿದು ಅಲುಗಾಡಿಸಿದೆ. ಕಣ್ಣು ತೆರಿಲಿಲ್ಲ. ಗಲ್ಲ ಬಡದೆ, ಹೂಂ ಅನ್ನಲಿಲ್ಲ. ತಿರುಗಣಿ ಮತ್ತ ಒಂದಕ್ಕ ತಂದು, ಊರಾಗಿನ ಅಕ್ಕಿ ಗಿರಣಿಯವರ ಜೀಪಿನಾಗ ಸಿಲಿಂಡರ್ ಸಮೇತ ರಾಯಚೂರಿಗೆ ಒಯ್ದೆ.

ಡಾಕ್ಟರು ನನ್ನ ಬೈದದ್ದು ವಾರ್ಡೆಲ್ಲ ಕೇಳಿತು. “ಈಕಿ ಎದಿ ಕಮ್ಮಿ ಆಕ್ಸಿಜನ್‌ಗೇ ಒಗ್ಗಿಕೊಂಡದ. ಹೆಚ್ಚು ಕೊಟ್ರ ಕೆಟ್ಟ ಗಾಳಿ ಒಳಗೇ ತುಂಬಿ ಮಂಪರು ಬರ್ತದ. ಅದು ನಿದ್ದಿ ಅಲ್ಲ! ಸಂಜಿತನಕ ಬಿಟ್ಟಿದ್ರ ಹೆಣ ಒಯ್ತಿದ್ದಿ!” ಬೈಸ್ಕೊಂಡೆ. ಅಷ್ಟು ದಿನ ಕಂಡಕಂಡವರ ಮ್ಯಾಲಿದ್ದ ಸಿಟ್ಟೆಲ್ಲ ಅವತ್ತು ನನ್ನ ಮ್ಯಾಲೇ ತಿರುಗಿತು. ಅವ್ವನ್ನ ಕೊಲ್ಲೋ ಕೆಲಸ ಮಾಡಿ ದೇವರಿಗೆ ಕಾಯಿ ಒಡಸಾಕ ಹೋಗಿದ್ದೆನಲ್ಲ! ಆ ಕಾಯಿ ತಗೊಂಡಿದ್ರ ನಾನು ತೀರ್ಥ ಪ್ರಸಾದ ಅಂತ ಅಲ್ಲೇ ಕುಂತಿರ್ತಿದ್ದೆ. ತಾತನ ಬಾಯಿಲೆ ಬೈದು ಕಳಿಸಿದಾಂವ ಹನುಮಪ್ಪನೇ. ಬ್ಯಾರೆ ಯಾರಂತ ಹೇಳ್ಲಿ?

ಮೂರನೇ ದಿನ ಅವ್ವ ಕಣ್ಣು ತೆರೆದ್ಳು. ಮನಿಗೆ ಬಂದ ಮ್ಯಾಲೆ ಒಂದೇ ಲೀಟರು, ಹದಿನೈದೇ ತಾಸು. ಯುಗಾದಿ ಮುಂದ ಸಿಲಿಂಡರ್ ಒರಸಾಕ ಹೋದೆ, ತಿರುಗಣಿಗೆ ಕೈ ತಾಗಿತು. ಅವ್ವ ನೋಡಿಬಿಟ್ಳು.

“ಲೇ ಈರಿ, ಡಾಕ್ಟರ ಒಂದು ಅಂದ್ರ ನೀ ಐದು ಮಾಡ್ತಿ, ಸಣ್ಣಾಕಿದ್ದಾಗಿಂದ ಇದೇ ಹಣೇಬಾರ, ಚಿಟಿಕಿ ಉಪ್ಪು ಅಂದ್ರ ಹಿಡಿ ಹಾಕ್ತಿ, ಇನ್ನೊಮ್ಮೆ ಅದನ್ನ ಮುಟ್ಟು, ಕೈ ಮುರೀತೀನಿ ನೋಡು!”

ವರ್ಷದಿಂದ ನಾಕು ಮಾತಿಗೊಮ್ಮೆ ನಿಂತು ಉಸಿರು ಎಳಕೊಳ್ಳಾಕಿ, ಇಷ್ಟುದ್ದ ಬೈಗುಳ ಎಲ್ಲೂ ನಿಲ್ಲಿಸದಂಗ ಬೈದ್ಳು. ಹನುಮಪ್ಪಾ ಅಂತ ಅಲ್ಲೇ ಕೈ ಮುಗಿದು, “ಇನ್ನೂ ಬೈಯವ್ವ” ಅಂದೆ.