ನಾನು ಕಟ್ಟಿ ಹೇಳಿದ ಹೆಂಗಸು

ದೆವ್ವ ಕಂಡೆ, ದೇವರು ಕನಸಿನಲ್ಲಿ ಬಂದು ಹೇಳಿದ, ಮೈಮೇಲೆ ಬಂತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಸೋದರತ್ತೆಗೇ ಅಮಾವಾಸ್ಯೆಗೊಮ್ಮೆ ಮೈಮೇಲೆ ಬರುತ್ತಿತ್ತು. ಓಣಿಯವರೆಲ್ಲ ಕೈಮುಗಿದು ನಿಂತಿದ್ದರೆ ನಾನು, "ಅತ್ತೆ, ಕರೆಂಟ್ ಯಾವಾಗ ಬರ್ತೈತೆ ಅಷ್ಟ್ ಕೇಳಿ ಹೇಳು" ಎಂದು ಕೇಳಿ ಅಪ್ಪನಿಂದ ಬೆನ್ನಿಗೆ ತಿಂದವಳು. ಅಂಥವಳು ಈಗ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಾಚಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ. ನೀವು ನಂಬಬೇಕೆಂದೇನೂ ಇಲ್ಲ. ಇದರಲ್ಲಿ ಬರುವ ಹೆಂಗಸನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬದಲಾಯಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಆತಂಕ, ಖಿನ್ನತೆ ಇರುವವರಿಗೆ ಮಾತಿನ ಮೂಲಕವೇ ಕೊಡುವ ಒಂದು ಹೊಸ ಚಿಕಿತ್ಸೆಯನ್ನು ನಮ್ಮ ಕಡೆ ಪರೀಕ್ಷೆ ಮಾಡಿ ನೋಡಲು ಒಂದು ಸಂಶೋಧನಾ ಸಂಸ್ಥೆಯವರು ಬಂದಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧ ಹಳ್ಳಿಗಳಿಗೆ ಈ ಚಿಕಿತ್ಸೆ, ಉಳಿದರ್ಧಕ್ಕೆ ಆಸ್ಪತ್ರೆಯಲ್ಲಿ ಮಾಮೂಲಾಗಿ ಸಿಗುವ ಔಷಧಿ ಎಂದು ಹಂಚಿದ್ದರು. ಚಿಕಿತ್ಸೆ ಕೊಡುವವರು ಡಾಕ್ಟರಲ್ಲ, ತರಬೇತಿ ಪಡೆದ ನಮ್ಮಂಥ ಊರಿನವರೇ. ವಾರಕ್ಕೊಂದರಂತೆ ಎಂಟು ಭೇಟಿ. ನಾನಾಗ ಚನ್ನಗಿರಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದೆ. ಅರ್ಜಿ ಹಾಕಿದೆ, ತೆಗೆದುಕೊಂಡರು. "ಸುಮ್ಮನೆ ಕೂತು ಕೇಳೋ ಕೆಲಸವಂತೆ, ನಿನಗ್ಯಾರು ಕೊಟ್ರು?" ಎಂದು ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು.

ಆಷಾಢದಲ್ಲಿ ಹೊನ್ನಾಳಿಯಲ್ಲಿ ತರಬೇತಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ರೋಗಿಯ ಹಾಗೆ ನಟಿಸಬೇಕು, ಇನ್ನೊಬ್ಬರು ಕೇಳಬೇಕು ಎನ್ನುತ್ತಿದ್ದರು. ರೋಗಿಯ ಕಥೆ ಬರೆದ ಚೀಟಿ ಕೈಗೆ ಕೊಡುತ್ತಿದ್ದರು. ನಮ್ಮ ಸರದಿ ಬರುವಷ್ಟರಲ್ಲಿ ಚೀಟಿಗಳು ಖಾಲಿ. "ನೀವೇ ಒಂದು ಕಟ್ಟಿ ಹೇಳಿ" ಎಂದರು ತರಬೇತಿ ಕೊಡುತ್ತಿದ್ದ ಮೇಡಂ.

ನನ್ನ ಎದುರಿಗೆ ಕೂತಿದ್ದವರು ಜಗಳೂರಿನ ತಿಪ್ಪೇಸ್ವಾಮಿ. ಪಾಪದ ಮನುಷ್ಯ, ಕೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುವವರು. ಅವರನ್ನು ಸ್ವಲ್ಪ ಬೆವರಿಳಿಸೋಣ ಎಂದು ನಾನು ಶಾಲೆಯ ಬಿಸಿಯೂಟದ ಅಡಿಗೆಯವಳಾದೆ. ಗಂಡ ಇಲ್ಲ, ಒಬ್ಬಳೇ ಮಗಳು, ನಾಲಿಗೆಗೆ ಉಪ್ಪು ಗೊತ್ತಾಗುವುದಿಲ್ಲ, ಮಕ್ಕಳ ಸಾರನ್ನು ಜೊತೆಯವಳಿಂದ ರುಚಿ ನೋಡಿಸುತ್ತೇನೆ ಎಂದೆ. ಅಷ್ಟು ನಾನೇ ಯೋಚಿಸಿ ಹೇಳಿದ್ದು. ಆಮೇಲಿನದು ತಾನಾಗಿಯೇ ಬಂತು. "ಅಟ್ಟದ ಮೇಲೆ ಮಿಕ್ಸಿ ಬಂದಿದ್ದ ರಟ್ಟಿನ ಡಬ್ಬ ಐತ್ರೀ. ಅದ್ರಾಗೆ ಹೊಲಕ್ಕೆ ಹೊಡೆಯೋ ಔಷಧಿ ಬಾಟ್ಲಿ ಇಟ್ಟೀನಿ. ಮೇಲೆ ಮಗಳ ಹಳೇ ಯೂನಿಫಾರ್ಮ್ ಮುಚ್ಚೀನಿ. ಆಕಿ ಪರೀಕ್ಷೆ ಒಂದು ಮುಗೀಲಿ ಅಂತ ಕಾಯ್ತಾ ಇದೀನಿ." ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು. ತಿಪ್ಪೇಸ್ವಾಮಿ ತಲೆಯೆತ್ತದೆ ಅದನ್ನೂ ಬರೆದುಕೊಂಡರು. ಅಷ್ಟರಲ್ಲಿ ಚಹಾ ಬಂತು, ಉಳಿದವರು ಚಪ್ಪಾಳೆ ತಟ್ಟಿದರು. ಮನೆಗೆ ಹೋಗಿ ಗಂಡನಿಗೆ, "ನಾನು ಸೀರಿಯಲ್‌ಗೆ ಹೋಗ್ಬೇಕಿತ್ತು ಕಣ್ರೀ" ಎಂದು ಕೊಚ್ಚಿಕೊಂಡೆ. ಎರಡು ದಿನಕ್ಕೆ ಮರೆತೂ ಬಿಟ್ಟೆ.

ಚಿಕಿತ್ಸೆ ಶುರುವಾಗಿದ್ದು ಮುಂದಿನ ಬೇಸಿಗೆಯ ಹೊತ್ತಿಗೆ. ನನ್ನ ಪಾಲಿಗೆ ನ್ಯಾಮತಿ ಕಡೆಯ ಒಂದು ಹಳ್ಳಿ ಬಂತು. ಸಾಸ್ವೆಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದು ಹೊನ್ನಾಳಿಯಲ್ಲಿ ಇಳಿದು ಮತ್ತೊಂದು ಬಸ್ಸು. ಅಲ್ಲಿ ಸಿಕ್ಕವರು ಸಾವಿತ್ರಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ತೀರಿಕೊಂಡಿದ್ದರು, ಮಗಳು ಎಸ್ಸೆಸ್ಸೆಲ್ಸಿ. ಸಾವಿತ್ರಕ್ಕ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದರು.

ನನಗೆ ಏನೂ ಅನ್ನಿಸಲಿಲ್ಲ. ಬಿಸಿಯೂಟದ ಅಡಿಗೆಯವರು ಎಷ್ಟು ಜನ ಬೇಕು? ಅವರಲ್ಲಿ ಗಂಡನಿಲ್ಲದವರೂ ಬೇಕಾದಷ್ಟು. ಮೊದಲ ವಾರಗಳಲ್ಲಿ ಅವರು ತಲೆನೋವು, ಎದೆ ಢವಢವ, ನಿದ್ದೆ ಇಲ್ಲ, ಇಷ್ಟೇ ಹೇಳಿದರು. ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು ಎಂದು ಕೇಳಿ, ಅದನ್ನು ಸ್ವಲ್ಪ ಸ್ವಲ್ಪ ಮತ್ತೆ ಮಾಡಿಸುವುದು ನಮ್ಮ ಚಿಕಿತ್ಸೆಯ ಒಂದು ಭಾಗ. ಪಕ್ಕದ ಮನೆಯವರ ಜೊತೆ ಶಾವಿಗೆ ಹೊಸೆಯುವುದನ್ನು ಬಿಟ್ಟಿದ್ದೇನೆ ಎಂದರು. ಒಂದು ವಾರ ಹೋಗಿ ಕೂತೂ ಬಂದರು. ನಾಲ್ಕನೆಯ ಭೇಟಿಯಲ್ಲಿ, "ನಾಲಿಗಿಗೆ ಉಪ್ಪೇ ತಿಳಿಯಾಕಿಲ್ರೀ ಅಕ್ಕಾರೆ. ಹುಡುಗರ ಸಾರನ್ನ ಜೊತೆಗೆ ಅಡಿಗಿ ಮಾಡೋ ಶಾಂತಮ್ಮನ ಕೈಲಿ ನೋಡಿಸ್ತೀನಿ" ಎಂದರು.

ಆಗ ನನಗೆ ಹೊನ್ನಾಳಿ ನೆನಪಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಮರುಕ್ಷಣವೇ ನನಗೆ ನಾನೇ ಬೈದುಕೊಂಡೆ. ಮನಸ್ಸು ಕುಗ್ಗಿದವರಿಗೆ ಊಟದ ರುಚಿ ಹೋಗುವುದು ತರಬೇತಿಯಲ್ಲೇ ಕಲಿಸಿದ ಪಾಠ. ಇದಕ್ಕೂ ಅದಕ್ಕೂ ಗಂಟು ಹಾಕಿದರೆ ನನಗೂ ಮೈಮೇಲೆ ಬರುವ ನಮ್ಮ ಸೋದರತ್ತೆಗೂ ಏನು ವ್ಯತ್ಯಾಸ? ಪ್ರತಿ ವಾರ ಕೇಳಬೇಕಾದ ಒಂಬತ್ತು ಪ್ರಶ್ನೆಗಳ ಹಾಳೆ ಇತ್ತು. ಸಾಯಬೇಕು ಅನ್ನಿಸುತ್ತದೆಯೇ ಎನ್ನುವುದು ಕೊನೆಯ ಪ್ರಶ್ನೆ. "ಇಲ್ರೀ, ಹಂಗೇನಿಲ್ಲ" ಎಂದರು. ಬರೆದುಕೊಂಡು ಬಂದೆ.

ಏಳನೆಯ ಭೇಟಿಗೆ ಹೋದಾಗ ಬೆಳಗಿನ ಹನ್ನೊಂದು ಗಂಟೆ, ಶಾಲೆಗೆ ರಜೆಯಿತ್ತು. ಸಾವಿತ್ರಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು, ಮುಖ ತಿಳಿಯಾಗಿತ್ತು. ಒಂಬತ್ತಕ್ಕೆ ಒಂಬತ್ತೂ ಪ್ರಶ್ನೆಗೆ ಇಲ್ಲ ಎಂದೇ ಉತ್ತರ. ನನಗೆ ಖುಷಿಯೋ ಖುಷಿ. ನನ್ನ ಕೈಗೆ ಒಂದು ಕುಪ್ಪಸದ ಕಣ, ಕುಂಕುಮ ಕೊಟ್ಟರು. ಓದಲು ಗೆಳತಿಯ ಮನೆಗೆ ಹೋಗಿದ್ದ ಮಗಳ ಬಗ್ಗೆ ವಿಚಾರಿಸಿದೆ. "ನಾಳೆ ಲಾಸ್ಟ್ ಪೇಪರ್ ಐತ್ರೀ. ಅದೊಂದು ಮುಗಿದ್ರೆ ನನ್ ಜವಾಬ್ದಾರಿ ಮುಗೀತು" ಎಂದು ನಕ್ಕರು.

ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅಲ್ಲಿಂದ ಅಟ್ಟ ಕಾಣುತ್ತಿರಲಿಲ್ಲ, ಅದು ಒಳಗಿನ ಕೋಣೆಯಲ್ಲಿತ್ತು, ನಾನು ಆ ಕೋಣೆಗೆ ಕಾಲಿಟ್ಟವಳೇ ಅಲ್ಲ. "ಸಾವಿತ್ರಕ್ಕ, ಅಟ್ಟದ ಮೇಲಿನ ಮಿಕ್ಸಿ ಡಬ್ಬ ಕೆಳಗಿಳಿಸ್ರೀ" ಎಂದೆ. ಯೋಚಿಸಿ ಆಡಿದ ಮಾತಲ್ಲ.

ಅವರು ಅಲ್ಲೇ ನೆಲದ ಮೇಲೆ ಕೂತರು. ಆಮೇಲೆ, "ಯಾರ್ ಹೇಳಿದ್ರು?" ಎಂದರು.

ಒಳಗೆ ಹೋಗಿ ಸ್ಟೂಲು ಹತ್ತಿ ನಾನೇ ಇಳಿಸಿದೆ. ಮಡಚಿಟ್ಟ ನೀಲಿ ಯೂನಿಫಾರ್ಮ್. ಅದರ ಕೆಳಗೆ ಬಾಟಲಿ. ಮಾಡಬೇಕಾದ್ದನ್ನು ಮಾಡಿದೆ. ಬಾಟಲಿಯನ್ನು ಮನೆಯಿಂದ ಹೊರಗೆ ಸಾಗಿಸಿದೆ, ನಮ್ಮ ಮೇಲ್ವಿಚಾರಣೆಗಿದ್ದ ಡಾಕ್ಟರಿಗೆ ಫೋನ್ ಮಾಡಿದೆ, ಪಕ್ಕದ ಓಣಿಯಿಂದ ಅವರ ನಾದಿನಿಯನ್ನು ಕರೆಸಿದೆ, ಆಕೆ ಬರುವವರೆಗೆ ಸಾವಿತ್ರಕ್ಕನ ಕೈ ಬಿಡಲಿಲ್ಲ. ಸಂಜೆಯೊಳಗೆ ಡಾಕ್ಟರು ಬಂದು ನೋಡಿದರು. ಮಗಳಿಗೆ ಆ ದಿನ ಏನೂ ಹೇಳದೆ, ಮಾರನೆಯ ದಿನ ಪರೀಕ್ಷೆ ಬರೆಸಿದರು.

ಆಫೀಸಿಗೆ ಹೋಗಿ ತರಬೇತಿಯ ಫೈಲು ತೆಗೆಸಿದೆ. ತಿಪ್ಪೇಸ್ವಾಮಿಯವರ ದುಂಡನೆಯ ಅಕ್ಷರದಲ್ಲಿ ಎಲ್ಲವೂ ಇತ್ತು: ಉಪ್ಪು, ಡಬ್ಬ, ಬಾಟಲಿ, ಯೂನಿಫಾರ್ಮ್, ಪರೀಕ್ಷೆ. ತರಬೇತಿಗೆ ಮೊದಲೇ ಯಾರದೋ ಬಾಯಲ್ಲಿ ಇವರ ಸುದ್ದಿ ನನ್ನ ಕಿವಿಗೆ ಬಿದ್ದಿರಬೇಕು ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಅದೂ ಹೆಚ್ಚು ದಿನ ಉಳಿಯಲಿಲ್ಲ. ಆ ಮಿಕ್ಸಿ ಅವರ ಮನೆಗೆ ಬಂದದ್ದೇ ತರಬೇತಿ ಮುಗಿದ ಮೇಲಿನ ದೀಪಾವಳಿಗೆ ಎಂದು ಅವರ ನಾದಿನಿ ಹೇಳಿದರು. ನಾನು ಹೊನ್ನಾಳಿಯಲ್ಲಿ ನಾಟಕ ಆಡಿದಾಗ ಆ ಡಬ್ಬ ಆ ಮನೆಯಲ್ಲಿ ಇರಲೇ ಇಲ್ಲ. ತರಬೇತಿಯ ಮೇಡಂ ಕಾಕತಾಳೀಯ ಎಂದರು. ನಮ್ಮ ಸೋದರತ್ತೆ ಕೇಳಿದ್ದರೆ ದೇವರೇ ನುಡಿಸಿದ್ದು ಎನ್ನುತ್ತಿದ್ದರು. ನನಗೆ ಅದೂ ಒಪ್ಪಿಗೆಯಿಲ್ಲ, ಇದೂ ಒಪ್ಪಿಗೆಯಿಲ್ಲ.

ಸಾವಿತ್ರಕ್ಕ ಉಳಿದರು. ಆಸ್ಪತ್ರೆಯ ಔಷಧಿ, ನಮ್ಮ ಮಾತು, ಎರಡೂ ನಡೆದವು, ಇವತ್ತಿಗೂ ಚೆನ್ನಾಗಿದ್ದಾರೆ. ಆದರೆ ಎಂಟನೆಯ ಭೇಟಿಗೆ ಹೋದಾಗ ಮನೆಯಲ್ಲಿ ತಾಯಿ ಮಗಳ ನಡುವೆ ಮಾತೇ ಇರಲಿಲ್ಲ. ಮಗಳೇ ಅಟ್ಟ ಹತ್ತಿ ನೋಡಿ ನನಗೆ ತಿಳಿಸಿದ್ದಾಳೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಾಳೆ ಎಂದು ತಾಯಿಯ ಅನುಮಾನ. ಆ ಹುಡುಗಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಅವಳ ಮೇಲೆ ಸುಳ್ಳು ಆಪಾದನೆ ಉಳಿಯಬಾರದೆಂದು ತಿಪ್ಪೇಸ್ವಾಮಿ ಬರೆದಿದ್ದ ಹಾಳೆಯ ಜೆರಾಕ್ಸ್ ತೆಗೆದು ಸಾವಿತ್ರಕ್ಕನ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ನಿಧಾನಕ್ಕೆ ಓದಿದರು. ಇದು ಹೇಗೆ ಸಾಧ್ಯ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಕೇಳಲಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರೆ ಉಪ್ಪಿನ ಮಾತು ಹೇಳಿದ ದಿನಾನೇ ನಿಮಗೆ ಗೊತ್ತಾಗಿತ್ತಲ್ಲ ಅಕ್ಕಾರೆ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಂದ ಮೂರು ವಾರ ನಾನು ದಿನಾ ಆ ಅಟ್ಟ ನೋಡ್ಕಂತ ಮಲಗೀನಿ. ಯಾಕ್ರೀ ಸುಮ್ಕೆ ಇದ್ರಿ?"

ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ತಾಯಿ ಮಗಳ ಮುಂದೆ ಕೂತು ನನಗೆ ಅದನ್ನು ಹೇಳಲಾಗಲಿಲ್ಲ.