ನಸ್ರೀನ್ ಬರೆಯದ ಕೊನೆ

ನಸ್ರೀನ್ ಬರೆದ ಕಥೆಯ ಕೊನೆಯನ್ನು ಬದಲಿಸಿದವನು ನಾನು. ಆಕೆಯನ್ನು ಕೇಳದೆ ಬದಲಿಸಿದೆ. ಆಮೇಲೆ ತುಂಬಿದ ಸಭೆಯಲ್ಲಿ, ಆಕೆಯೇ ಒಪ್ಪಿದ್ದಳು ಎಂದು ಸುಳ್ಳು ಹೇಳಿದೆ.

ಚಿಕ್ಕಬಳ್ಳಾಪುರದಲ್ಲಿ ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದ ಒಂದಷ್ಟು ಜನ ತಿಂಗಳಿಗೊಮ್ಮೆ ಸೇರುತ್ತಿದ್ದೆವು. ಚಿಂತಾಮಣಿಯಿಂದ, ಶಿಡ್ಲಘಟ್ಟದಿಂದ ಬಸ್ಸು ಹಿಡಿದು ಬರುವವರೂ ಇದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ನಾನು ಅವರಿಗೆಲ್ಲ ಹಿರಿಯ. ದೇವರು ಒಳಗೆ ಬಂದರೆ ವಿಜ್ಞಾನ ಎದ್ದು ಹೋಗುತ್ತದೆ ಎನ್ನುತ್ತಿದ್ದೆ, ಎಲ್ಲರೂ ತಲೆಯಾಡಿಸುತ್ತಿದ್ದರು. ನಸ್ರೀನ್ ಮಾತ್ರ ಸುಮ್ಮನೆ ನಗುತ್ತಿದ್ದಳು. ಅಲೀಪುರದ ಹುಡುಗಿ, ಗೌರಿಬಿದನೂರಿನ ಶಾಲೆಯೊಂದರಲ್ಲಿ ಗಣಿತದ ಟೀಚರ್.

ನಮ್ಮ ಮೊದಲ ಸಂಕಲನಕ್ಕೆ ಆಕೆ ಕೊಟ್ಟದ್ದು ಮಂಗಳ ಗ್ರಹದಲ್ಲಿ ಒಬ್ಬಳೇ ಉಳಿದುಹೋದ ಹೆಂಗಸಿನ ಕಥೆ. ಅವಳ ಬಳಿ ಊರಿನಿಂದ ಒಯ್ದ ಮಣ್ಣಿನ ಬಿಲ್ಲೆ — ಶಿಯಾಗಳು ನಮಾಜಿನಲ್ಲಿ ಹಣೆ ಊರುವಂಥದ್ದು. ನಮಾಜಿಗೆ ಮುಖ ಮಾಡಬೇಕಾದ ಭೂಮಿ ಯಾವ ದಿಕ್ಕಿಗಿದೆ ಎಂದು ಲೆಕ್ಕ ಹಾಕಿ ಹಾಕಿ ಸೋತು, ಕೊನೆಗೆ ಅದರ ಮೇಲೆ ಹಣೆಯಿಡುತ್ತಾಳೆ. ಅಷ್ಟೇ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಗೊತ್ತಿದ್ದೇ ಪೆನ್ನು ಹಿಡಿದೆ. ಆ ಬಿಲ್ಲೆಯನ್ನು ಅವಳ ಕೈಯಿಂದಲೇ ಪುಡಿ ಮಾಡಿಸಿ, ಅದರಲ್ಲಿ ಬೀಜ ಊರಿಸಿ, ಪ್ರಾರ್ಥನೆ ಮೊಳೆಯುವುದಿಲ್ಲ, ಬೀಜ ಮೊಳೆಯುತ್ತದೆ ಎಂದು ಅವಳಿಂದ ಹೇಳಿಸಿದೆ. ಅದೇ ಸಂಕಲನದಲ್ಲಿ ಋಷಿಯೊಬ್ಬ ಮಂತ್ರ ಹೇಳಿ ನೌಕೆ ಹಾರಿಸುವ ಕಥೆಯಿತ್ತು. ಅದರ ಒಂದಕ್ಷರವನ್ನೂ ಮುಟ್ಟಲಿಲ್ಲ. ಆಗ ಹೊಳೆಯಲಿಲ್ಲ ಎನ್ನಲಾರೆ — ಹೊಳೆದಿತ್ತು.

ಬಿಡುಗಡೆಗೆ ಆಕೆ ಅಮ್ಮನನ್ನೂ ಕರೆತಂದಿದ್ದಳು. ಆ ಕೊನೆಯನ್ನು ನಾನೇ ವೇದಿಕೆಯಿಂದ ಓದಿದೆ. ಜೋರು ಚಪ್ಪಾಳೆ. ನಸ್ರೀನ್ ಎದ್ದು ನಿಂತಳು.

"ಸರ್, ಇದು ನಾನು ಬರ್ದಿದ್ದಲ್ಲ."

"ಫೋನಲ್ಲಿ ಓದಿ ಹೇಳಿದ್ನಲ್ಲಮ್ಮ. ನೀನೇ ಸರಿ ಅಂದೆ. ಮರ್ತೋಯ್ತಾ?" ಎಂದೆ.

ಹಿಂದಿನ ಸಾಲಿನಲ್ಲಿ ಯಾರೋ, "ಮನೇವ್ರಿಗೆ ಹೆದ್ರಿಕೊಂಡು ಹಂಗಂತಾಳೆ, ಪಾಪ," ಅಂದರು. ಎಲ್ಲರೂ ಕರುಣೆಯಿಂದ ತಿರುಗಿ ನೋಡಿದರು. ನೀನೇ ಬರೆದೆಯಾ ಎಂದು ಅಮ್ಮ ಉರ್ದುವಿನಲ್ಲಿ ಕೇಳಿದರು. ಅಷ್ಟು ನನಗೂ ಅರ್ಥವಾಯಿತು. ನಸ್ರೀನ್ ಇಲ್ಲವೆಂದಳು. ಅಮ್ಮ ನನ್ನ ಮುಖ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. ತಲೆ ನರೆತ ಮೇಷ್ಟ್ರು ಸುಳ್ಳು ಹೇಳುತ್ತಾರೆಯೇ — ಅವರು ನನ್ನನ್ನು ನಂಬಿದರು. ಮಗಳ ಕೈ ಬಿಟ್ಟು, ಒಬ್ಬರೇ ಬಾಗಿಲ ಕಡೆ ನಡೆದರು.

ನಸ್ರೀನ್ ಮತ್ತೆ ಬರಲಿಲ್ಲ. ಬರೆಯುವುದನ್ನೂ ಬಿಟ್ಟಳೆಂದು ಕೇಳಿದೆ.

ವರ್ಷಗಳು ಕಳೆದು, ಈಗ ಸಂಕಲನವನ್ನು ಮರುಮುದ್ರಿಸುವ ಮಾತು ಬಂದಿದೆ. ಹೋದ ಭಾನುವಾರ ಗುಂಪಿನೆದುರು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಬಿಡಿ ಸರ್, ಹಳೇ ಕಥೆ. ಏನೇ ಅನ್ನಿ, ನಿಮ್ಮ ಎಂಡಿಂಗೇ ಸೂಪರು," ಎಂದನೊಬ್ಬ. ಉಳಿದವರು ನಕ್ಕರು.

ಸಿಟ್ಟು ಬರಲಿಲ್ಲ. ಹಾಗೆ ಓದಲು ಅವರಿಗೆ ಕಲಿಸಿದವನು ನಾನೇ. ಸುಸ್ತಾಗಿತ್ತು, ಅಷ್ಟೇ. ಆ ಕಥೆಯನ್ನು ತೆಗೆಯಿರಿ ಎಂದಷ್ಟೇ ಹೇಳಿ ಎದ್ದು ಬಂದೆ.

ಅಲೀಪುರಕ್ಕೆ ಹೋಗಬೇಕು. ಕ್ಷಮೆಗಾಗಿ ಅಲ್ಲ — ಅದನ್ನು ಕೇಳುವ ಬಾಯಿ ನನಗಿಲ್ಲ. ನಿಮ್ಮ ಮಗಳು ಅವತ್ತು ನಿಜ ಹೇಳಿದ್ದಳು ಎಂದು ಆ ತಾಯಿಗೆ ಹೇಳಬೇಕು. ಅವರು ಇನ್ನೂ ಇದ್ದಾರೆಯೇ — ಅದನ್ನೂ ನಾನು ಇಷ್ಟು ವರ್ಷ ವಿಚಾರಿಸಿಲ್ಲ.