ಗಂಜಿ ಕರಗಿದ ಕಂಬಳಿ

ಒದ್ದೆಯಾದ ಕರಿಕಂಬಳಿ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಕುರಿಯ ಉಣ್ಣೆ, ನೇಯುವವರು ಹಚ್ಚಿದ ಹುಣಸೆಬೀಜದ ಗಂಜಿ, ಅದರ ಮೇಲೆ ಮಗುವಿನ ಉಚ್ಚೆ, ಮೂರೂ ಸೇರಿದ ವಾಸನೆ. ಮೊನ್ನೆ ಬೆಳಿಗ್ಗೆ ನಿಮ್ಮಮ್ಮ ನಿಮ್ಮ ಕಂಬಳಿಯನ್ನು ಹಿತ್ತಲ ಕಲ್ಲಿನ ಮೇಲೆ ಹರವಿ, ಇದು ನಿಮ್ಮಿಬ್ಬರಲ್ಲಿ ಯಾರ ಕೆಲಸ ಎಂದು ಕೇಳುತ್ತಿದ್ದಳು. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಿರಿ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಬಾಗೂರಿನ ನನ್ನ ತವರಿನ ಪಡಸಾಲೆಯಲ್ಲಿದ್ದೆ. ಆ ಮನೆ ಈಗಿಲ್ಲ. ಅದರ ತೊಲೆಗಳು ಯಾರ್‍ಯಾರ ಮನೆಗೋ ಹೋದವು; ಅಲ್ಲಿದ್ದವರೂ ಹೋದರು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಬರೆದಿಡುತ್ತೇನೆ ಮೊಮ್ಮಕ್ಕಳೇ, ದೊಡ್ಡವರಾದ ಮೇಲೆ ಓದಿಕೊಳ್ಳಿ.

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ವರ್ಷಗಳವು. ಆದಿವಾಲದಲ್ಲಿದ್ದ ನನ್ನ ಚಿಕ್ಕವ್ವ, ಅವ್ವನ ತಂಗಿ, ತೀರಿಕೊಂಡಿದ್ದಳು. ಚಿಕ್ಕಪ್ಪ ಕಟ್ಟೆಯ ಕೆಲಸಕ್ಕೆ ಸೇರಿ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ತಾಯಿಯಿಲ್ಲದ ಅವರ ಮಗಳು ಗಿರಿಜೆಯನ್ನು ನಮ್ಮವ್ವ ತಾನು ಸಾಕುತ್ತೇನೆಂದು ಕರೆತಂದಳು. ಗಿರಿಜೆಗೆ ಆರು, ನನಗೆ ಎಂಟು. ಮೊದಲ ದಿನ ನೀರು ಹಾಕುವಾಗ ಅವಳ ತೊಡೆಯ ಮೇಲೆ ಎರಡು ಬರೆ ಕಂಡವು. ಹಾಸಿಗೆ ನೆನೆಸಿದ್ದಕ್ಕೆ ಮಲತಾಯಿ ಕಾದ ಸೌಟು ಇಟ್ಟದ್ದು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಜ್ಜಿ, ಎಂದರೆ ನಮ್ಮಪ್ಪನ ತಾಯಿ, ಬರೆಯನ್ನು ಬೆರಳಿನಿಂದ ಸವರಿ ನೋಡಿ, "ಐಬಿನ ಕೂಸನ್ನ ಹೇಳ್ದೆ ಕೇಳ್ದೆ ನಮ್ಮ ಮನಿಗೆ ದಾಟಿಸ್ಯಾರೆ" ಅಂದಳು.

ಅಲ್ಲಿಂದ ಮನೆಯಲ್ಲಿ ಎಲ್ಲರ ಕಣ್ಣೂ ಗಿರಿಜೆಯ ಮೇಲೆಯೇ. ಅವಳು ಕೂತಲ್ಲಿಂದ ಎದ್ದರೆ ಮೊದಲು ನೋಡುತ್ತಿದ್ದದ್ದು ಲಂಗದ ಹಿಂಬದಿಯನ್ನು. ಅದು ತಿಳಿದು ಅವಳು ಗೋಡೆಗೆ ಬೆನ್ನು ತಾಗಿಸಿಕೊಂಡೇ ನಡೆಯುವುದನ್ನು ಕಲಿತಳು. ಹಗಲಲ್ಲೂ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಹಿತ್ತಿಲಿಗೆ ಹೋಗಬೇಕೆಂದು ಕೇಳಿದರೆ ಈಗ ತಾನೇ ಹೋಗಿದ್ದೆಯಲ್ಲ ಎಂದು ಅಜ್ಜಿ ಗದರುತ್ತಿದ್ದಳು. ಕೇಳಲು ಹೆದರಿ, ಕಾಲು ಹೆಣೆದು, ತುಟಿ ಕಚ್ಚಿ ಕೂತಿರುತ್ತಿದ್ದಳು; ಆಮೇಲೆ ಅವರೆಕಾಯಿ ಸುಲಿಯುತ್ತಿದ್ದಲ್ಲೇ ನೆಲ ಒದ್ದೆಯಾಗುತ್ತಿತ್ತು. ಬೇಕೆಂದೇ ಮಾಡುತ್ತಾಳೆ ಎಂದು ಅಜ್ಜಿಯ ಗುಮಾನಿ. ಹೊತ್ತು ಇಳಿದ ಮೇಲೆ ಅವಳಿಗೆ ನೀರಿಲ್ಲ, ಮಜ್ಜಿಗೆಯಿಲ್ಲ. ಆದರೂ ಕಂಬಳಿ ನೆನೆದಾಗ, ದನದ ಬಾನಿಯಲ್ಲಿ ಕದ್ದು ಕುಡಿಯುತ್ತಾಳೆಂದು ಬಾನಿಗೆ ಹಲಗೆ ಮುಚ್ಚಿಸಿದಳು. ಪಕ್ಕದ ಮನೆಯವಳು ಅವಳ ತಲೆ ಸವರಿದ ದಿನ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದಳು.

ಯಾರೂ ಗುಮಾನಿ ಪಡದವಳು ಒಬ್ಬಳಿದ್ದಳು, ಅದು ನಾನು. ಐದು ತುಂಬುವ ಮೊದಲೇ ನನಗೆ ಆ ಅಭ್ಯಾಸ ಬಿಟ್ಟಿತ್ತು. ತಮ್ಮ ಹುಟ್ಟಿ ಅವ್ವನ ಮಗ್ಗುಲು ಅವನ ಪಾಲಾದ ಮೇಲೆ, ವಾರಕ್ಕೊಮ್ಮೆಯೋ ಎರಡು ಸಲವೋ ಮತ್ತೆ ಶುರುವಾಗಿತ್ತು. ನಾನೂ ಗಿರಿಜೆಯೂ ಒಂದೇ ಕಂಬಳಿಯ ಮೇಲೆ ಮಲಗುತ್ತಿದ್ದೆವು. ನೆನೆದಾಗೆಲ್ಲ ಬೈಗುಳ ಅವಳಿಗೇ ಹೋಗುತ್ತಿತ್ತು.

ಕೊನೆಗೆ ಅಜ್ಜಿ ಹೊಸದುರ್ಗದ ಸಂತೆಯಿಂದ ಎರಡು ಚಿಕ್ಕ ಹೊಸ ಕಂಬಳಿ ತರಿಸಿದಳು. ಹೊಸ ಕಂಬಳಿ ಗಂಜಿಯ ಬಿರುಸಿಗೆ ಹಲಗೆಯಂತಿರುತ್ತದೆ, ಗೋಡೆಗೆ ಒರಗಿಸಿದರೆ ನಿಲ್ಲುತ್ತದೆ. ನೀರು ಬಿದ್ದ ಜಾಗ ಮಾತ್ರ ಅಂಟಂಟಾಗಿ, ಒಣಗಿದ ಮೇಲೆ ಮೆತ್ತಗಾಗಿ ಬಿಡುತ್ತದೆ. ಎಷ್ಟು ಒಣಗಿಸಿದರೂ ಮುಚ್ಚಿಡಲಾಗದು. ಒಂದೊಂದನ್ನು ನಮಗೆ ಬೇರೆ ಬೇರೆ ಹಾಸಿ ಅಪ್ಪನ ಮುಂದೆ ಹೇಳಿದಳು: "ಗಂಜಿ ಸುಳ್ಳು ಹೇಳಲ್ಲ ಕಣಪ್ಪ. ಮುಂದಿನ ಸಂತೆ ಮಟ ನೋಡಾಣ. ಕಂಬ್ಳಿ ಹಿಂಗೇ ನಿಂತ್ರೆ ಹುಡುಗಿ ಇರ್ಲಿ. ಇಲ್ದಿದ್ರೆ ಆದಿವಾಲಕ್ಕೆ ಗಾಡಿ ಕಟ್ಟು."

ಏನಾಯಿತೋ ಕಾಣೆ, ಗಿರಿಜೆ ಗೆಲ್ಲತೊಡಗಿದಳು. ಹಗಲೆಲ್ಲ ಅವಳು ಕೇಳುವ ಮೊದಲೇ ಅವ್ವ ಕೈಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಗಿರಿಜೆ ಬೆರಳು ಮಡಚಿ ಕಂಬಳಿಯ ಮೇಲೆ ಬಾಗಿಲು ತಟ್ಟಿದಂತೆ ತಟ್ಟಿ, ಸದ್ದು ಕೇಳಿ ನಗುತ್ತಿದ್ದಳು. ಐದು ಬೆಳಗು ಹಾಗೆ ನಕ್ಕಳು. ಅವಳು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಆರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಎಚ್ಚರವಾಯಿತು. ನನ್ನ ಕೆಳಗೆ ಬೆಚ್ಚಗೆ, ಅಂಟಂಟಾಗಿತ್ತು. ಕೊಟ್ಟಿಗೆಯಲ್ಲಿ ಅಜ್ಜಿ ಹಸುವಿನ ಜೊತೆ ಮಾತಾಡುತ್ತಿದ್ದಳು. ನಾನು ಯೋಚಿಸಲಿಲ್ಲ, ಅಥವಾ ಯೋಚಿಸಿದೆನೋ. ಒದ್ದೆ ಲಂಗ ಬದಲಿಸಿ, ಗಿರಿಜೆಯನ್ನು ಮೆಲ್ಲಗೆ ನನ್ನ ಕಂಬಳಿಗೆ ಉರುಳಿಸಿ, ಅವಳದನ್ನು ಎಳೆದುಕೊಂಡೆ. ಅವಳು ಅರೆನಿದ್ದೆಯಲ್ಲಿ ಕೇಳಿದಳು.

"ಅಕ್ಕಾ, ನಂಗೆ ಆಗೋತಾ?"

"ಹೂಂ. ಮಲ್ಕ."

ಅಜ್ಜಿ ಬಂದು ಗಿರಿಜೆಯ ಕೆಳಗಿನ ಕಂಬಳಿಯನ್ನು ಅಂಗೈಯಲ್ಲಿ ಒತ್ತಿದಳು. ಅದರ ಮೂಲೆ ಮಗುಚಿದಳು. ನನ್ನತ್ತ ನೋಡಿದಳು, ಬಹಳ ಹೊತ್ತು. ಆಮೇಲೆ ಹೊರಗೆ ಹೋಗಿ ಗಾಡಿ ಕಟ್ಟಲು ಹೇಳಿದಳು. ಅವ್ವ ಕಾಲು ಹಿಡಿದಳು, ಆಗಲಿಲ್ಲ. ಗಿರಿಜೆ ಅಳಲಿಲ್ಲ. ತಾನೇ ಮಾಡಿದ್ದೆಂದು ನಂಬಿದ್ದ ಮಗು ಯಾಕೆ ಅತ್ತೀತು? ಗಾಡಿ ಹತ್ತುವಾಗಲೂ ಒದ್ದೆ ಲಂಗ ಯಾರಿಗೂ ಕಾಣದ ಹಾಗೆ ಹಿಮ್ಮುಖವಾಗಿ ಹತ್ತಿದಳು. ಎರಡೂ ಕಂಬಳಿ ಅಂದೇ ಅಟ್ಟ ಸೇರಿದವು.

ಆವತ್ತಿನಿಂದ ಅಜ್ಜಿ ದಿನಾ ಕೋಳಿ ಕೂಗುವ ಮುಂಚೆ ನನ್ನನ್ನು ಎಬ್ಬಿಸಿ, ಕಂದೀಲು ಹಿಡಿದು ಹಿತ್ತಿಲಿಗೆ ಕರೆದೊಯ್ಯತೊಡಗಿದಳು. ನನಗೆ ಪೂರ್ತಿ ಬಿಟ್ಟುಹೋಗುವವರೆಗೂ ತಪ್ಪಿಸಲಿಲ್ಲ. ಮುದ್ದಿಗೆ ಮಾಡುತ್ತಾಳೆಂದುಕೊಂಡಿದ್ದೆ.

ಅಜ್ಜಿ ತೀರಿಕೊಂಡ ವರ್ಷ ಅಟ್ಟ ತೆಗೆಯುವಾಗ ಆ ಕಂಬಳಿಗಳು ಸಿಕ್ಕವು. ಒಂದು ಇನ್ನೂ ಹಲಗೆಯಂತಿತ್ತು. ಇನ್ನೊಂದರ ನಡುವೆ ಮೆತ್ತಗಿನ ಜಾಗ, ಮೂಲೆಯ ಒಳಮಗ್ಗುಲಿಗೆ ಕೆಂಪು ದಾರದ ಎರಡು ಹೊಲಿಗೆ. ಅಜ್ಜಿಯ ಓರೆ ಹೊಲಿಗೆಯೇ. ಅದು ನನ್ನ ಕಂಬಳಿಯ ಗುರುತು. ಹಾಸಿದ ದಿನವೇ ಹಾಕಿದ್ದಿರಬೇಕು. ಹಾಗಾದರೆ ಅಜ್ಜಿ ನನ್ನನ್ನೂ ಮೊದಲಿನಿಂದ ಶಂಕಿಸಿದ್ದಳು, ಆ ಬೆಳಿಗ್ಗೆ ಎಲ್ಲವೂ ಗೊತ್ತಾಗಿತ್ತು. ಮಗನ ಮಗಳಿಗೆ ಐಬಿನ ಹೆಸರು ಅಂಟದಿರಲೆಂದು ತಾಯಿಯಿಲ್ಲದ ಮಗುವನ್ನು ಗಾಡಿ ಹತ್ತಿಸಿದ್ದಳು. ನಾನು ಆ ದಾರವನ್ನೇ ನೋಡುತ್ತಿದ್ದಾಗ ಅವ್ವ ಕಂಬಳಿಯನ್ನು ಸರಸರನೆ ಸುತ್ತಿಬಿಟ್ಟಳು. ಅವಳಿಗೂ ಗೊತ್ತಿತ್ತೇ? ಕೇಳಲಿಲ್ಲ.

ನಿಮ್ಮ ತಾತ ತೀರಿಕೊಂಡಾಗ ಗಿರಿಜೆ ಬಂದು ಮೂರು ದಿನ ನನ್ನ ಪಕ್ಕ ಮಲಗಿದಳು. ತಲೆ ನರೆತಿತ್ತು, ಗುಳಿ ಹಾಗೇ ಇತ್ತು. ಹೊರಡುವ ಮುನ್ನ ನಗುತ್ತಲೇ ಅಂದಳು: "ಇನ್ನೆರಡು ದಿನ ತಡ್ಕಂಡಿದ್ರೆ ನಾನೂ ನಿಮ್ಮನ್ಯಾಗೇ ಬೆಳೀತಿದ್ದೆ, ಅಲ್ವೇನಕ್ಕ?" ಅವಳ ಕಣ್ಣನ್ನು ಎಷ್ಟು ಹುಡುಕಿದರೂ, ತಿಳಿದು ಹೇಳಿದಳೋ ತಿಳಿಯದೆ ಹೇಳಿದಳೋ ಗೊತ್ತಾಗಲಿಲ್ಲ. ಆಗಲೂ ನಾನು ಬಾಯಿಬಿಡಲಿಲ್ಲ. ಈಗ ಅವಳೂ ಇಲ್ಲ.

ಮೊನ್ನೆ ನಿಮ್ಮಮ್ಮನಿಗೆ, ಯಾರದೆಂದು ಕೇಳಬೇಡ ಎಂದೆ. ಯಾಕೆ ಅತ್ತೆ ಎಂದಳು. ಸಂಜೆ ಕಂಬಳಿ ಒಣಗಿತ್ತು, ನಾನೇ ಒಳಗೆ ತಂದೆ. ಯಾರೂ ಇಲ್ಲದಾಗ ಬೆರಳು ಮಡಚಿ ಅದರ ಮೇಲೆ ತಟ್ಟಿದೆ. ಹಳೆಯ ಕಂಬಳಿ, ಸದ್ದು ಬರಲಿಲ್ಲ.